ಬಿಡುಗಡೆ ಆಗಿದೆ ಅಂತಾರೆ, ಒಬ್ಬಟ್ಟು ಕಂಡರೆ ಭಯ ಆಗುತ್ತೆ. ಇದೆಂಥ ಬಿಡುಗಡೆ?

ಕೋಲಾರದ ಸೊಸೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ನಾನು ಹುಟ್ಟಿದ್ದು ತುಮಕೂರಿನಲ್ಲಿ, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ನಾವು. ಮದುವೆಯಾಗಿ ಕೋಲಾರಕ್ಕೆ ಬಂದು ಒಂಬತ್ತು ವರ್ಷವಾಯಿತು. ಎರಡು ವರ್ಷದಿಂದ ಮನೆ ಹತ್ತಿರದ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದೇನೆ. ನನ್ನ ಗಂಡನಿಗೆ ಆಪರೇಷನ್ ಆದಾಗ ಹದಿನೈದು ದಿನ ಊಟ ತಂದುಕೊಟ್ಟವರು ಅವರೇ. ಅದನ್ನು ಮರೆತು ಮಾತಾಡುತ್ತಿಲ್ಲ.

ಅಲ್ಲಿ ಪ್ರತಿ ಶುಕ್ರವಾರ ಒಂದೇ ಮಾತು: "ನಿನಗೆ ಬಿಡುಗಡೆ ಆಗಿದೆ." ಆದರೆ ಬಿಡುಗಡೆ ಆದ ಮೇಲೆ ಪಟ್ಟಿ ಉದ್ದ ಆಗುತ್ತಾ ಹೋಯಿತು. ಮೊದಲು ಹೂವು ಬೇಡ ಅಂದರು. ಆಮೇಲೆ ಓಲೆ, ಬಳೆ. ಆಮೇಲೆ ಟಿವಿ. ಈಗ ಹಬ್ಬದ ಮನೆಯಿಂದ ಬಂದಿದ್ದು ಬಾಯಿಗೆ ಇಡಬಾರದು.

ಯುಗಾದಿ ದಿನ ಎದುರು ಮನೆ ಆಂಟಿ ಸ್ಟೀಲ್ ಡಬ್ಬಿ ಕೊಟ್ಟು ಹೋದರು. ಬಾಳೆಎಲೆ ತುಂಡಿನ ಮೇಲೆ ಮೂರು ಒಬ್ಬಟ್ಟು, ಇನ್ನೂ ಬಿಸಿ, ತುಪ್ಪ ಎಲೆಗೆ ಅಂಟಿಕೊಂಡಿತ್ತು. ನನ್ನ ಮಗಳಿಗೆ ಆರು ವರ್ಷ. ಡಬ್ಬಿ ಮುಂದೆ ಕೂತೇ ಬಿಟ್ಟಳು. ನಾನು ಮುಚ್ಚಳ ಹಾಕಿ ಮೇಲಿಟ್ಟೆ. ಸಂಜೆ ಹಿಂದಿನ ಬೀದಿಯ ಹಸುಗೆ ಹಾಕಿದೆ. ಡಬ್ಬಿ ತೊಳೆದು ಖಾಲಿಯೇ ವಾಪಸ್ ಕೊಟ್ಟೆ. ನಮ್ಮಮ್ಮ ಇದ್ದಿದ್ದರೆ ಖಾಲಿ ಡಬ್ಬಿ ಕೊಡೋಕೆ ಬಿಡುತ್ತಿರಲಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕೋರು.

ರಾತ್ರಿ ಮಲಗುವಾಗ ಮಗಳು ಕೇಳಿದಳು, "ಅಮ್ಮಾ, ಹಸುಗೆ ಪಾಪ ಬರಲ್ವಾ?"

ಕ್ರಿಸ್ತನಲ್ಲಿ ಸ್ವಾತಂತ್ರ್ಯ ಅಂದರೆ ಏನು? ತಿಳಿದವರು ಹೇಳಿ. ನನಗೆ ನಿಜವಾಗಿ ಗೊತ್ತಾಗುತ್ತಿಲ್ಲ.

ಮುಳಬಾಗಿಲು ದೋಸೆ

ಹಸುಗೆ ಬರಲ್ಲ ಸಿಸ್ಟರ್. ಆದರೆ ಆರು ವರ್ಷದ ಮಗು ಮುಂದಿನಿಂದ ಒಬ್ಬಟ್ಟು ಎತ್ತಿಟ್ಟವರಿಗೆ ಬರಬಹುದು 😄

ಗುಬ್ಬಿ ಮೇಷ್ಟ್ರು

ಸೊಸೆಯಮ್ಮ, ನಿಮ್ಮ ಪ್ರಶ್ನೆ ಸಭೆಯಷ್ಟೇ ಹಳೆಯದು. ಬೈಬಲ್‌ನಲ್ಲಿ ಗಲಾತ್ಯ ಸಭೆಗಳವರಿಗೆ ಅಪೊಸ್ತಲ ಪೌಲ ಬರೆದ ಪತ್ರಿಕೆ ಪೂರ್ತಿ ಇದೇ ಜಗಳ. ಅಲ್ಲಿ ಒಬ್ಬಟ್ಟಿನ ಜಾಗದಲ್ಲಿ ಸುನ್ನತಿ ಇತ್ತು, ಅಷ್ಟೇ. "ಯೇಸುವನ್ನು ನಂಬಿದ್ದೀರಿ, ಸಂತೋಷ. ಜೊತೆಗೆ ಇದನ್ನೂ ಮಾಡಿಸಿಕೊಂಡರೆ ಪೂರ್ತಿಯಾಗುತ್ತದೆ" ಅಂತ ಕೆಲವರು ಬಂದು ಹೇಳಿದರು. ಪೌಲನಿಗೆ ಸಿಟ್ಟು ನೆತ್ತಿಗೇರಿತು. ಬೇರೆ ಪತ್ರಿಕೆಗಳಲ್ಲಿ ವಂದನೆ ಹೇಳಿದ ಮೇಲೆ "ನಿಮಗಾಗಿ ದೇವರಿಗೆ ಸ್ತೋತ್ರ ಮಾಡುತ್ತೇನೆ" ಅಂತ ಶುರು ಮಾಡುವ ಮನುಷ್ಯ, ಇದರಲ್ಲಿ ಅದನ್ನು ಬಿಟ್ಟು ನೇರ ಬೈಗುಳಕ್ಕೇ ಇಳಿಯುತ್ತಾನೆ.

ಐದನೇ ಅಧ್ಯಾಯದ ಮೊದಲ ವಚನ ತೆಗೆದು ನೋಡಿ. ಕ್ರಿಸ್ತನು ಬಿಡಿಸಿದ್ದು ನೀವು ಸ್ವತಂತ್ರರಾಗಿ ಇರಲಿ ಅಂತಲೇ, ಮತ್ತೆ ದಾಸತ್ವದ ನೊಗಕ್ಕೆ ಕುತ್ತಿಗೆ ಕೊಡಬೇಡಿ ಅನ್ನುತ್ತಾನೆ. ಗಮನಿಸಿ, ಇದನ್ನು ಹೇಳಿದ್ದು ಕುಡುಕರಿಗೂ ಅಲ್ಲ, ಕಳ್ಳರಿಗೂ ಅಲ್ಲ. ಭಕ್ತಿ ಜಾಸ್ತಿ ಮಾಡಿಕೊಳ್ಳಲು ಹೊರಟವರಿಗೆ.

ಬಂಗಾರಪೇಟೆ ಬ್ರದರ್

ಸ್ತೋತ್ರ. ಮೇಷ್ಟ್ರೇ, ಅರ್ಧ ವಾಕ್ಯ ಹೇಳಿ ಅಕ್ಕನನ್ನು ದಾರಿ ತಪ್ಪಿಸಬೇಡಿ. ಅದೇ ಅಧ್ಯಾಯದ 13ನೇ ವಚನ ಓದಿ. ಸ್ವಾತಂತ್ರ್ಯವನ್ನು ಶರೀರಕ್ಕೆ, ಅಂದರೆ ಪಾಪದ ಆಸೆಗಳಿಗೆ, ಆಸ್ಪದ ಮಾಡಿಕೊಳ್ಳಬೇಡಿ ಅಂತ ಇದೆ. ವಿಗ್ರಹಕ್ಕೆ ಇಟ್ಟದ್ದನ್ನು ಬಿಡಬೇಕು ಅಂತ ಯೆರೂಸಲೇಮಿನ ಸಭೆಯೇ ತೀರ್ಮಾನ ಮಾಡಿತ್ತು, ಅಪೊಸ್ತಲರ ಕೃತ್ಯಗಳು 15:29. ಬೈಬಲ್‌ನ ಕೊನೆಯ ಪುಸ್ತಕ ಪ್ರಕಟನೆಯ ಎರಡನೇ ಅಧ್ಯಾಯದಲ್ಲಿ ಪೆರ್ಗಮ ಮತ್ತು ಥುವತೈರ ಸಭೆಗಳಿಗೆ ಇದೇ ವಿಷಯಕ್ಕೆ ಕರ್ತನು ಗದರಿಸುತ್ತಾನೆ. ಕೂಟದವರು ತಮ್ಮ ಮನೆಯಿಂದ ಕಾನೂನು ತಂದಿಲ್ಲ.

ಗುಬ್ಬಿ ಮೇಷ್ಟ್ರು

13ನೇ ವಚನ ಪೂರ್ತಿ ಓದಿ ಬ್ರದರ್. ಅರ್ಧಕ್ಕೆ ನಿಲ್ಲಿಸಿದ್ದು ನಾನಲ್ಲ. "ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡಿ" ಅಂತ ಮುಗಿಯುತ್ತದೆ. ಶರೀರಕ್ಕೆ ಎದುರಾಗಿ ಪೌಲ ಇಟ್ಟಿದ್ದು ಪಟ್ಟಿಯನ್ನಲ್ಲ, ಪ್ರೀತಿಯನ್ನು.

ಮಾಲೂರು ಹೆಂಚು

ನಾನು ಕ್ರೈಸ್ತ ಅಲ್ಲ, ಒಂದು ಮಾತು ಹೇಳಬಹುದಾ?

ನಮ್ಮ ಮನೆಯಲ್ಲಿ ಎಡೆಗೆ ಇಡುವುದು ಮೊದಲ ಎರಡು. ಅಕ್ಕಪಕ್ಕದವರ ಡಬ್ಬಿಗೆ ಹೋಗುವುದು ಆಮೇಲೆ ಬೇಯಿಸಿದ್ದು. ನಮ್ಮಮ್ಮ ಒಲೆ ಮುಂದೆ ಬೆವರು ಒರೆಸಿಕೊಂಡು "ಇದು ಟೀಚರ್ ಮನೆಗೆ, ಇದು ಸಾಬರ ಮನೆಗೆ, ಇದು ಮೇರಿ ಮನೆಗೆ" ಅಂತ ಎಣಿಸುತ್ತಿರುತ್ತಾರೆ. ಅದರಲ್ಲಿ ದೇವರಿಗಿಂತ ಲೆಕ್ಕವೇ ಜಾಸ್ತಿ ಇರುತ್ತೆ. ಡಬ್ಬಿ ಖಾಲಿ ಬಂದರೆ ಬಾಯಿಬಿಟ್ಟು ಏನೂ ಹೇಳಲ್ಲ. ಆದರೆ ಮುಂದಿನ ವರ್ಷ ಎಣಿಸುವಾಗ ಒಂದು ಸೆಕೆಂಡ್ ತಡೀತಾರೆ.

ಕೋಲಾರದ ಸೊಸೆ

ಈ ಕೊನೆಯ ಸಾಲು ಓದಿ ಹೊಟ್ಟೆಯಲ್ಲಿ ಹೇಗೋ ಆಯಿತು.

ಮುಳಬಾಗಿಲು ದೋಸೆ

ಅಕ್ಕ ಒಂದು ಮುಖ್ಯ ವಿಷಯ ಹೇಳಲಿಲ್ಲ. ಬೇಳೆ ಒಬ್ಬಟ್ಟಾ, ಕಾಯಿ ಒಬ್ಬಟ್ಟಾ?

ಕೋಲಾರದ ಸೊಸೆ

ಬೇಳೆ.

ಮುಳಬಾಗಿಲು ದೋಸೆ

ಹಾಗಾದರೆ ಖಂಡಿತ ಪಾಪ. ಹಸುಗೆ ಹಾಕಿದ್ದು.

ಚಾಂಪಿಯನ್ ರೀಫ್

ಇಲ್ಲಿ ಎಲ್ಲರೂ ವಚನ ಎಸೆದಾಡುತ್ತಿದ್ದೀರಿ, ನಾನು ಬೇರೆ ಕಡೆಯಿಂದ ಬರುತ್ತೇನೆ. ನಮ್ಮ ತಾತ ಕೆಜಿಎಫ್ ಗಣಿಯಲ್ಲಿ ಇಳಿಯುತ್ತಿದ್ದವರು. ಮೂರು ಕಿಲೋಮೀಟರ್‌ಗಿಂತ ಆಳಕ್ಕೆ ಹೋಗುತ್ತಿದ್ದ ಗಣಿ ಅದು. ಭಾನುವಾರ ದೇವಾಲಯದಲ್ಲಿ "ಆತ್ಮದ ಬಿಡುಗಡೆ", ಸೋಮವಾರ ಗಣಿಗೆ ಇಳಿಸುವ ಕೇಜ್ ಒಳಗೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಆಗ ನಮ್ಮ ಲೈನ್ ಮನೆಗಳಿಗೆ ಬಂದ ಎಷ್ಟೋ ಬೋಧಕರು ಹೇಳಿದ್ದು ಒಂದೇ, "ಲೋಕದ ಚಿಂತೆ ಬಿಡಿ, ಆತ್ಮ ಸ್ವತಂತ್ರವಾಗಿದೆ." ನಮ್ಮಪ್ಪ ನಸುಕಿನಲ್ಲಿ ಎದ್ದು ಬೆಂಗಳೂರು ಟ್ರೇನ್ ಹಿಡಿದು ಸೆಕ್ಯುರಿಟಿ ಕೆಲಸಕ್ಕೆ ಹೋಗುತ್ತಿದ್ದರು. ಅವರಿಗೆ ಆ ಮಾತು ಹೇಗೆ ಕೇಳಿಸಿರಬೇಕು?

ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದು ಓದಿದ್ದು ಪ್ರವಾದಿ ಯೆಶಾಯನ ಮಾತು. ಬಡವರಿಗೆ ಶುಭವಾರ್ತೆ, ಸೆರೆಯವರಿಗೆ ಬಿಡುಗಡೆ, ಜಜ್ಜಿಹೋದವರಿಗೆ ಬಿಡುಗಡೆ. ಲೂಕ ನಾಲ್ಕು. ಅದರಲ್ಲಿ "ಆತ್ಮಕ್ಕೆ ಮಾತ್ರ, ಹೊಟ್ಟೆಗೆ ಅನ್ವಯಿಸಲ್ಲ" ಅಂತ ಎಲ್ಲಿದೆ? 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ಗುಲಾಮರಿಗೆ ಅಂತಲೇ ಒಂದು ಬೈಬಲ್ ಅಚ್ಚು ಹಾಕಿದರು. ಇಸ್ರಾಯೇಲ್ಯರು ಐಗುಪ್ತದ (ಈಜಿಪ್ಟ್) ಗುಲಾಮಗಿರಿ ಬಿಟ್ಟು ಹೊರಟ ಕಥೆಯನ್ನೇ ಅದರಿಂದ ಕಿತ್ತು ಹಾಕಿದ್ದರು. ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು ಆ ಕಥೆ ಬರೀ ಆತ್ಮದ್ದಲ್ಲ ಅಂತ.

ಇನ್ನೊಂದು. "ಯೆಹೂದ್ಯ ಗ್ರೀಕ, ಆಳು ಒಡೆಯ ಎಂಬ ಭೇದವಿಲ್ಲ" ಅಂತ ಗಲಾತ್ಯ ಮೂರರಲ್ಲಿ ಓದುತ್ತೇವೆ. ಹುಡುಗಿಗೆ ಗಂಡು ನೋಡುವಾಗ ಅದೇ ಸಭೆಯ ಹಿರಿಯರು "ಮೊದಲು ನೀವು ಯಾವ ಜನ?" ಅಂತ ಮೆಲ್ಲಗೆ ಕೇಳುತ್ತಾರೆ. ಒಬ್ಬಟ್ಟಿಗೆ ಇಷ್ಟು ಭಯ, ಇದಕ್ಕೆ ಯಾಕಿಲ್ಲ?

ನಿರ್ವಾಹಕ

ಜಾತಿ, ಮತಾಂತರ, ಮೀಸಲಾತಿ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಸೊಸೆಯವರ ಪ್ರಶ್ನೆಗೆ ಅಂಟಿಕೊಳ್ಳಿ.

ಚಾಂಪಿಯನ್ ರೀಫ್

ನಾನು ಅಂಟಿಕೊಂಡೇ ಇದ್ದೇನೆ ಸಾರ್. ಯಾರ ಮನೆಯಲ್ಲಿ ತಿನ್ನಬೇಕು, ಯಾರ ಮನೆಯಲ್ಲಿ ತಿನ್ನಬಾರದು ಅನ್ನುವುದು ಈ ದೇಶದಲ್ಲಿ ಯಾವತ್ತಿನಿಂದ ಬರೀ ಊಟದ ವಿಷಯ ಆಗಿತ್ತು?

ಗುಬ್ಬಿ ಮೇಷ್ಟ್ರು

ನಿರ್ವಾಹಕರೇ, ಈ ಮಾತಿಗೆ ನನ್ನ ಬೆಂಬಲ ಇದೆ. ಅಂತಿಯೋಕ್ಯ ಊರಿನಲ್ಲಿ ಯೇಸುವಿನ ಶಿಷ್ಯ ಪೇತ್ರ ಮಾಡಿದ್ದೂ ಇದೇ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಆರಾಮಾಗಿ ಊಟ ಮಾಡುತ್ತಿದ್ದ. ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನ ಕಡೆಯವರು ಬಂದರು ಅಂತ ಗೊತ್ತಾದ ಕೂಡಲೇ ಎದ್ದು ಹಿಂದಕ್ಕೆ ಸರಿದ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಸರಿದ. ಪೌಲ ಎಲ್ಲರ ಮುಂದೆ ಮುಖಕ್ಕೆ ಹೇಳಿದ, ನೀನು ಮಾಡುತ್ತಿರುವುದು ತಪ್ಪು ಅಂತ. ಪೇತ್ರನಿಗೆ ಸಿದ್ಧಾಂತ ಗೊತ್ತಿರಲಿಲ್ಲವಾ? ಗೊತ್ತಿತ್ತು. ಅವನಿಗೆ ಇದ್ದದ್ದು ಜನರ ಭಯ. ಪೌಲ ಬರೆದಿರುವ ಪದವೇ ಅದು: ಭಯಪಟ್ಟು.

ಸೊಸೆಯಮ್ಮ, ಒಂದು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಡಬ್ಬಿ ಮುಚ್ಚಿದಾಗ ನಿಮ್ಮ ಮನಸ್ಸಿಗೆ ಬಂದಿದ್ದು ಯೇಸುವಿನ ಮುಖವಾ, ಕೂಟದ ಯಾರದ್ದಾದರೂ ಮುಖವಾ?

ಕೋಲಾರದ ಸೊಸೆ

ಕೂಟದ ಒಬ್ಬ ಅಕ್ಕನ ಮುಖ. ಅವರ ಮನೆ ನಮ್ಮ ಬೀದಿಯ ತುದಿಯಲ್ಲೇ ಇದೆ.

ಬಂಗಾರಪೇಟೆ ಬ್ರದರ್

ಎಲ್ಲರೂ ಸೇರಿ ಕೂಟವನ್ನು ಕಟಕಟೆಗೆ ಹತ್ತಿಸಿದಿರಿ. ನನ್ನ ಸಾಕ್ಷಿ ಹೇಳುತ್ತೇನೆ, ಆಮೇಲೆ ತೀರ್ಪು ಕೊಡಿ.

ನಾನು ಹದಿನಾರು ವರ್ಷ ಕುಡಿದವನು. ಪ್ಯಾಕೆಟ್ ಸಾರಾಯಿ. ಹೆಂಡತಿಯ ತಾಳಿ ಬಿಟ್ಟು ಮಿಕ್ಕಿದ್ದೆಲ್ಲ ಅಡ ಇಟ್ಟಿದ್ದೆ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿತು. ನಾನು ನಿಲ್ಲಿಸಲಿಲ್ಲ. ಬ್ರಾಂದಿಗೆ ಹೋದೆ, ಸಾಲ ಜಾಸ್ತಿ ಆಯಿತು, ಅಷ್ಟೇ. ನಾಲ್ಕು ವರ್ಷ ಆದಮೇಲೆ ಒಂದು ರಾತ್ರಿ ಪ್ರಾರ್ಥನೆಯಲ್ಲಿ ಅತ್ತೆ, ಸುಮ್ನೆ ಅತ್ತೆ, ಯಾಕೆ ಅಂತ ಗೊತ್ತಿಲ್ಲ. ಬೆಳಿಗ್ಗೆ ಎದ್ದಾಗ ಅಂಗಡಿ ಕಡೆಗೆ ಕಾಲು ಹೋಗಲಿಲ್ಲ. ಅದಾದ ಮೇಲೆ ಸಭೆಯವರು ಹೇಳಿದ ಪ್ರತಿಯೊಂದು ನಿಯಮವನ್ನೂ ಹಿಡಿದುಕೊಂಡೆ. ಹಳೆ ಸ್ನೇಹಿತರ ಮನೆಗೆ ಹೋಗಬೇಡ ಅಂದರು, ಹೋಗಲಿಲ್ಲ. ಹಬ್ಬಕ್ಕೆ ಹೋಗಬೇಡ ಅಂದರು, ಹೋಗಲಿಲ್ಲ. ಒಳಗೆ ನಿಲ್ಲುವ ಶಕ್ತಿ ಇಲ್ಲದವನಿಗೆ ಬೇಲಿ ಬೇಕು ಸ್ವಾಮಿ. ನಿಮಗೆ ಅದು ದಾಸತ್ವ. ನನಗೆ ಆ ಬೇಲಿಯಿಂದಲೇ ಜೀವ ಉಳಿಯಿತು.

ಶ್ರೀನಿವಾಸಪುರ ಮಾವು

ಬ್ರದರ್, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸಾಕ್ಷಿ ಓದಿ ಕಣ್ಣು ತುಂಬಿತು. ಆದರೆ ನೀವು ಗೊತ್ತಿಲ್ಲದೆ ಮೇಷ್ಟ್ರ ಪಕ್ಷಕ್ಕೆ ವಾದ ಮಾಡಿಬಿಟ್ಟಿರಿ. ಸರ್ಕಾರದ ಕಾನೂನು ಬಂತು, ನೀವು ಬ್ರಾಂದಿಗೆ ಹೋದಿರಿ. ಒಳಗೆ ಏನೋ ಬದಲಾಯಿತು, ಅಂಗಡಿ ತೆರೆದಿದ್ದರೂ ಕಾಲು ಹೋಗಲಿಲ್ಲ. ರೋಮಾಪುರದವರಿಗೆ ಬರೆದ ಏಳು, ಎಂಟನೇ ಅಧ್ಯಾಯ ಇದೇ ಅಲ್ವಾ? ಆಜ್ಞೆ ಒಳ್ಳೆಯದೇ, ಆದರೆ ನನ್ನನ್ನು ಎತ್ತುವ ಬಲ ಅದಕ್ಕಿಲ್ಲ.

ಬೇಲಿಯ ಬಗ್ಗೆ ನಾನು ಒಪ್ಪುತ್ತೇನೆ. ನಮ್ಮ ತೋಟದಲ್ಲಿ ಸಸಿಗೆ ಮುಳ್ಳು ಕಟ್ಟುತ್ತೇವೆ, ಮೇಕೆ ತಿನ್ನದಿರಲಿ ಅಂತ. ಮರ ಆದಮೇಲೂ ಅದನ್ನೇ ಬಿಗಿಯಾಗಿ ಬಿಟ್ಟರೆ ತಂತಿ ತೊಗಟೆಯೊಳಗೆ ಇಳಿಯುತ್ತೆ. ನಿಮ್ಮ ಬೇಲಿ ನಿಮ್ಮ ಗಾಯಕ್ಕೆ ಸರಿ. ಅದನ್ನು ತಂದು ಕುಡಿಯದ ಅಕ್ಕನ ಆರು ವರ್ಷದ ಮಗಳಿಗೆ ಕಟ್ಟಿದ್ದು ಯಾಕೆ?

ಬಂಗಾರಪೇಟೆ ಬ್ರದರ್

ಯೋಚನೆ ಮಾಡುತ್ತೇನೆ. ಒಪ್ಪಿದೆ ಅಂತ ಅಲ್ಲ.

ಟೇಕಲ್ ಡೈರಿ

ನೊಗದ ಮಾತು ಬಂತು ಅಂತ ಹೇಳುತ್ತೇನೆ. ನಾನು ಎತ್ತು ಕಟ್ಟಿ ಉತ್ತವನು. ಈಗ ಟ್ರಾಕ್ಟರ್ ಬಂದು ಎಲ್ಲ ಮರೆತಿದ್ದಾರೆ. ಹೊಸ ಹೋರಿ ಪಳಗಿಸುವಾಗ ಒಂಟಿಯಾಗಿ ಕಟ್ಟಲ್ಲ. ಪಳಗಿದ ಎತ್ತಿನ ಜೊತೆ ಕಟ್ಟುತ್ತಾರೆ. ಭಾರ ಎಳೆಯುವುದು ಹಳೆ ಎತ್ತು, ಹೋರಿ ಪಕ್ಕದಲ್ಲಿ ನಡೆಯುವುದು ಕಲಿಯುತ್ತೆ. ಆಮೇಲೆ ನೊಗ ನುಣ್ಣಗೆ ಕೆತ್ತಿರಬೇಕು, ಗಂಟು ಇದ್ದರೆ ಎರಡೇ ದಿನಕ್ಕೆ ಹೆಗಲು ಹುಣ್ಣು. "ನನ್ನ ನೊಗ ಹೊತ್ತುಕೊಳ್ಳಿ, ಅದು ಮೃದು" ಅಂತ ಯೇಸು ಹೇಳಿದ್ದು ಮತ್ತಾಯ 11ರಲ್ಲಿ. ನೊಗವೇ ಇಲ್ಲ ಅಂತ ಆತ ಹೇಳಲಿಲ್ಲ. ಪಕ್ಕದಲ್ಲಿ ಯಾರು ಎಳೆಯುತ್ತಿದ್ದಾರೆ ಅನ್ನೋದು ಪ್ರಶ್ನೆ. ಹೆಗಲು ಹುಣ್ಣಾಗಿದ್ದರೆ ನೊಗ ಯಾರದ್ದು ಅಂತ ತಿರುಗಿ ನೋಡಬೇಕು.

ಲೂಕ 13ರಲ್ಲಿ ಹದಿನೆಂಟು ವರ್ಷದಿಂದ ಸೊಂಟ ಬಗ್ಗಿದ್ದ ಹೆಂಗಸನ್ನು ಯೇಸು ಸಬ್ಬತ್ ದಿನ, ಅಂದರೆ ಯೆಹೂದ್ಯರು ಕೆಲಸ ಮಾಡದ ವಿಶ್ರಾಂತಿ ದಿನ, ವಾಸಿ ಮಾಡಿದರೆ ಸಭಾಮಂದಿರದ ಅಧ್ಯಕ್ಷ ಕೋಪ ಮಾಡಿಕೊಳ್ಳುತ್ತಾನೆ. ಮಿಕ್ಕ ಆರು ದಿನ ಬನ್ನಿ ಅನ್ನುತ್ತಾನೆ. ಅದಕ್ಕೆ ಯೇಸು ಕೇಳುತ್ತಾನೆ, ಸಬ್ಬತ್ ದಿನ ನೀವು ಎತ್ತನ್ನು ಗೂಟದಿಂದ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗಲ್ವಾ ಅಂತ. ದನ ಸಾಕಿದವನಿಗೆ ಇದಕ್ಕೆ ವ್ಯಾಖ್ಯಾನ ಬೇಡ. ಭಾನುವಾರ ನಮ್ಮ ಹಸು ಹಾಲು ಹಿಂಡಬೇಡ ಅನ್ನಲ್ಲ.

ಮುಳಬಾಗಿಲು ದೋಸೆ

ಈ ಎಳೆಯಲ್ಲಿ ಹಸುಗಳದ್ದೇ ಕಾರುಬಾರು.

ಕಾಲೋನಿ ಕ್ಯಾಥೊಲಿಕ್

ನಮ್ಮ ಕಷ್ಟ ಕೇಳಿ. ಯುಗಾದಿ ಸಾಮಾನ್ಯವಾಗಿ ತಪಸ್ಸು ಕಾಲದಲ್ಲೇ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲೇ, ಬರುತ್ತೆ. ಹಬ್ಬದ ಮಾರನೇ ದಿನ ವರ್ಷತೊಡಕು, ಬೀದಿಯೆಲ್ಲ ಮಟನ್ ವಾಸನೆ, ಎಲ್ಲರೂ ಕರೆಯುತ್ತಾರೆ. ಅದು ಶುಕ್ರವಾರ ಬಿದ್ದರೆ ನಮಗೆ ಮಾಂಸ ಇಲ್ಲ. ಫಾದರ್ ಹತ್ತಿರ ಒಮ್ಮೆ ಕೇಳಿದೆ, ಸ್ವಾತಂತ್ರ್ಯ ಅಂತೀರಿ, ಇದೇನು ಅಂತ. ನಕ್ಕು ಹೇಳಿದರು, "ಬೇಕು ಅನಿಸಿದ್ದಕ್ಕೆಲ್ಲ ಹೂಂ ಅನ್ನೋದೂ ಒಂದು ಗುಲಾಮಗಿರಿಯೇ ಕಣಯ್ಯ." ಉಪವಾಸವೂ ಸ್ವಾತಂತ್ರ್ಯದ ಅಭ್ಯಾಸ ಆಗಬಹುದು, ನಾನಾಗಿ ಹಿಡಿದರೆ. ಪಕ್ಕದ ಮನೆಯವನು ಹಿಡಿದಿಲ್ಲ ಅಂತ ಲೆಕ್ಕ ಇಡಲು ಶುರು ಮಾಡಿದರೆ ಅದು ಬೇರೆ.

ಗುಬ್ಬಿ ಮೇಷ್ಟ್ರು

ಚೆನ್ನಾಗಿದೆ. ಈಗ ಬ್ರದರ್ ಎತ್ತಿದ ಅಪೊಸ್ತಲರ ಕೃತ್ಯಗಳು 15ಕ್ಕೆ ಉತ್ತರ ಬಾಕಿ ಇದೆ, ಅದನ್ನು ನುಂಗಿ ಹಾಕುವುದು ನ್ಯಾಯವಲ್ಲ. ಆ ಮಾತು ಅಲ್ಲಿ ಇದೆ, ಪ್ರಕಟನೆಯಲ್ಲೂ ಇದೆ. ಪೌಲ ಕೂಡ ವಿಗ್ರಹದ ಮುಂದಿನ ಪಂಕ್ತಿಯಲ್ಲಿ ಕೂತು ಉಣ್ಣಿ ಅನ್ನಲಿಲ್ಲ. 1 ಕೊರಿಂಥ ಎಂಟರಿಂದ ಹತ್ತು ಓದಿದರೆ ಅವನು ಮೂರು ಸಂದರ್ಭ ಬೇರೆ ಬೇರೆ ಮಾಡುತ್ತಾನೆ. ದೇವಸ್ಥಾನದ ಪಂಕ್ತಿ: ಬೇಡ. ಸಂತೆಯ ಮಾಂಸ: ವಿಚಾರಿಸದೆ ತಿನ್ನಿ. ನಂಬದವರು ಊಟಕ್ಕೆ ಕರೆದರೆ: ಹೋಗಿ, ಬಡಿಸಿದ್ದನ್ನು ತಿನ್ನಿ, ಪ್ರಶ್ನೆ ಕೇಳಬೇಡಿ. ಆದರೆ ಅಲ್ಲೇ ಒಬ್ಬ "ಇದು ಬಲಿ ಕೊಟ್ಟದ್ದು" ಅಂತ ಎತ್ತಿ ಹೇಳಿದರೆ ಆ ಮನುಷ್ಯನಿಗೋಸ್ಕರ ಬಿಡಿ. ನಿಮ್ಮ ಮನಸ್ಸಾಕ್ಷಿಗಾಗಿ ಅಲ್ಲ, ಅವನದಕ್ಕಾಗಿ.

ಡಬ್ಬಿ ಈ ಮೂರರಲ್ಲಿ ಎಲ್ಲಿ ಬೀಳುತ್ತೆ? ನನ್ನ ಮಟ್ಟಿಗೆ ಮೂರನೆಯದು. ಬ್ರದರ್‌ಗೆ ಮೊದಲನೆಯದು ಅನಿಸಬಹುದು. ಅವರು ತಿನ್ನದಿದ್ದರೆ ನಾನು ಬಲವಂತ ಮಾಡಲ್ಲ. ಬಲವಂತ ಮಾಡಿದರೆ ನಾನೇ ಇನ್ನೊಂದು ಕಾನೂನು ಮಾಡಿದ ಹಾಗೆ. ಪೌಲನೇ ನೋಡಿ, ಸುನ್ನತಿ ಕಡ್ಡಾಯ ಅಂದಾಗ ತನ್ನ ಜೊತೆಗಾರ ತೀತನಿಗೆ ಮಾಡಿಸಲು ಒಪ್ಪಲಿಲ್ಲ. ಅದೇ ಪೌಲ ಯೆಹೂದ್ಯರ ನಡುವೆ ಕೆಲಸಕ್ಕೆ ಹೊರಟಾಗ ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ತಾನೇ ಮಾಡಿಸಿದ. ಮೇಲ್ನೋಟಕ್ಕೆ ಎರಡು ನಾಲಿಗೆ. ಆದರೆ ಒಂದು ಕಡೆ ಹೆದರಿಸುತ್ತಿದ್ದರು, ಬಗ್ಗಲಿಲ್ಲ. ಇನ್ನೊಂದು ಕಡೆ ಯಾರೂ ರಕ್ಷಣೆಗೆ ಷರತ್ತು ಹಾಕಿರಲಿಲ್ಲ, ತಾನಾಗಿ ಬಗ್ಗಿದ. ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1520ರಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಇದನ್ನೇ ಎರಡು ಸಾಲಾಗಿ ಇಟ್ಟ: ಕ್ರೈಸ್ತನು ಯಾರಿಗೂ ಆಳಲ್ಲ, ಕ್ರೈಸ್ತನು ಎಲ್ಲರಿಗೂ ಆಳು.

ಚಾಂಪಿಯನ್ ರೀಫ್

ಲೂಥರ್ ಅಷ್ಟು ಚೆನ್ನಾಗಿ ಬರೆದು, ಐದು ವರ್ಷಕ್ಕೆ ರೈತರು "ನಮಗೂ ಬಿಡುಗಡೆ ಕೊಡಿ" ಅಂತ ಎದ್ದಾಗ ಅವರನ್ನು ಹೊಡೆದು ಹಾಕಿ ಅಂತ ಬರೆದ. ಅದನ್ನೂ ಹೇಳಿ ಮೇಷ್ಟ್ರೇ.

ಗುಬ್ಬಿ ಮೇಷ್ಟ್ರು

1525. ಹೌದು. ಅದಕ್ಕೆ ನನ್ನ ಹತ್ತಿರ ಸಮರ್ಥನೆ ಇಲ್ಲ.

ಮಾಲೂರು ಹೆಂಚು

ಹೊರಗಿನವನ ಅನುಮಾನ. ನಮ್ಮಲ್ಲಿ ಮೋಕ್ಷ ಅಂದರೆ ಹುಟ್ಟುಸಾವಿನ ಸುತ್ತಿನಿಂದ ಬಿಡುಗಡೆ. ನೀವು ಹೇಳುತ್ತಿರುವುದು ಅದೇನಾ? ಅಥವಾ ಸತ್ತಮೇಲೆ ಸ್ವರ್ಗವಾ?

ಶ್ರೀನಿವಾಸಪುರ ಮಾವು

ಪದ ಒಂದೇ ಥರ ಕೇಳಿಸುತ್ತೆ, ಬೇರು ಬೇರೆ. ನಮ್ಮ ಬೈಬಲ್‌ನಲ್ಲಿ "ವಿಮೋಚನೆ" ಅಂತ ಬರುವ ಪದದ ಹಿಂದೆ ಇರುವುದು ಆಗಿನ ಕಾಲದ ಗುಲಾಮರ ವ್ಯಾಪಾರ. ಹಣ ಕಟ್ಟಿ ಆಳನ್ನು ಬಿಡಿಸುವುದು. ಜೀತ ಅಂದರೆ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥ ಆಗುತ್ತೆ. ನಮ್ಮಜ್ಜ ನಲವತ್ತು ರೂಪಾಯಿ ಸಾಲಕ್ಕೆ ಜೀತಕ್ಕಿದ್ದವರು. ತಪ್ಪಿಸಿಕೊಂಡು ಓಡಿ ಹೋದವನಿಗೆ ರಾತ್ರಿ ನಿದ್ದೆ ಬರಲ್ಲ, ಸಾಲ ತೀರಿಸಿ ಬಂದವನಿಗೆ ಬರುತ್ತೆ ಅನ್ನುತ್ತಿದ್ದರು. ಕ್ರೈಸ್ತರು ಹೇಳುವುದು ಆ ಎರಡನೆಯದು: ಸಾಲ ಬೇರೆ ಯಾರೋ ತೀರಿಸಿದರು. ಸತ್ತಮೇಲೆ ಮಾತ್ರ ಅಲ್ಲ, ಇವತ್ತೇ ಹಾಗೆ ಬದುಕಬೇಕು. ಆದರೂ ನಮ್ಮಲ್ಲಿ ಎಷ್ಟೋ ಜನ ದಿನಾ ಬೆಳಿಗ್ಗೆ ಎದ್ದು ಹಳೇ ಒಡೆಯನ ಮನೆ ಅಂಗಳ ಗುಡಿಸಲು ಹೋಗುತ್ತೇವೆ.

ಮಾಲೂರು ಹೆಂಚು

ಇದು ಅರ್ಥ ಆಯಿತು. ಥ್ಯಾಂಕ್ಸ್. ಒಪ್ಪುವುದು ಬಿಡುವುದು ಬೇರೆ ಮಾತು.

ಕಾಲೋನಿ ಕ್ಯಾಥೊಲಿಕ್

ಸೊಸೆಯವರೇ, ಕಾಣಿಸುತ್ತಿಲ್ಲವಲ್ಲ?

ಕೋಲಾರದ ಸೊಸೆ

ಇದ್ದೇನೆ. ಎಲ್ಲವನ್ನೂ ಓದಿದೆ, ಕೆಲವು ಎರಡು ಸಲ.

ನಿನ್ನೆ ಕಜ್ಜಾಯ ಮಾಡಿದೆ. ಕ್ರಿಸ್‌ಮಸ್ ಅಲ್ಲ ಏನೂ ಅಲ್ಲ, ಸುಮ್ನೆ. ಪಾಕ ಸ್ವಲ್ಪ ಗಟ್ಟಿಯಾಯಿತು, ಅಂಚು ಗರಿ ಬಿಟ್ಟಿತು. ಎದುರು ಮನೆಗೆ ಮಗಳ ಕೈಯಲ್ಲಿ ಕೊಟ್ಟು ನಾನೂ ಹಿಂದೆ ಹೋದೆ. ಕ್ಷಮಿಸಿ ಅಂತ ಹೇಳಬೇಕು ಅಂದುಕೊಂಡಿದ್ದೆ, ಬಾಯಿಗೆ ಬರಲಿಲ್ಲ. ಆಂಟಿ ಡಬ್ಬಿ ತೆಗೆದು ನೋಡಿ, "ಯುಗಾದಿ ಒಬ್ಬಟ್ಟು ಮಗು ತಿಂತಾ?" ಅಂದರು. ಮಗಳು ನನಗಿಂತ ಮೊದಲು ಹೇಳಿಬಿಟ್ಟಳು, "ಇಲ್ಲ, ಹಸು ತಿಂತು."

ನೆಲ ಬಾಯಿ ಬಿಡಬಾರದಾ ಅನಿಸಿತು. ಆಂಟಿ ಒಂದು ಗಳಿಗೆ ಸುಮ್ಮನಿದ್ದು ನಕ್ಕರು. ಆಮೇಲೆ ಒಳಗೆ ಹೋಗಿ ಚಕ್ಕುಲಿ ತಂದು ಅವಳ ಕೈಗೆ ಕೊಟ್ಟರು. ಅವಳು ನನ್ನ ಮುಖ ನೋಡಿದಳು. ತಿನ್ನು ಅಂದೆ.

ವಾಪಸ್ ಬರುವಾಗ ಬೀದಿ ತುದಿಯ ಅಕ್ಕ ಗೇಟ್ ಹತ್ತಿರ ನಿಂತಿದ್ದರು. ಶುಕ್ರವಾರ ಏನಾಗುತ್ತೋ ಗೊತ್ತಿಲ್ಲ. ಹೋಗುತ್ತೇನೆ. ಕೂಟ ಬಿಡುವ ಮನಸ್ಸಿಲ್ಲ ನನಗೆ.

ಬಂಗಾರಪೇಟೆ ಬ್ರದರ್

ಹೋಗಿ ಅಕ್ಕ. ಯಾರಾದರೂ ಏನಾದರೂ ಅಂದರೆ ಕೋಪ ಮಾಡಿಕೊಳ್ಳಬೇಡಿ, ಅವರ ಗಾಯ ಏನಿದೆಯೋ ಗೊತ್ತಿಲ್ಲ. ನಾನು ಈಗಲೂ ತಿನ್ನಲ್ಲ. ಆದರೆ ನನ್ನ ಹಳೇ ಸ್ನೇಹಿತ ಒಬ್ಬ ಹದಿಮೂರು ವರ್ಷದಿಂದ ಹಬ್ಬಕ್ಕೆ ಕರೆಯುತ್ತಿದ್ದಾನೆ, ಒಂದು ಸಲವೂ ಫೋನ್ ಎತ್ತಿಲ್ಲ. ಇವತ್ತು ಎತ್ತಿದೆ.

ಮುಳಬಾಗಿಲು ದೋಸೆ

ಬ್ರದರ್ 👏

ಕಜ್ಜಾಯ ಗರಿ ಬಿಟ್ಟರೆ ಹಿಟ್ಟನ್ನು ಒಂದು ರಾತ್ರಿ ಹಾಗೇ ಬಿಡಬೇಕು ಅಕ್ಕ. ಪಾಕಕ್ಕೆ ಹಾಕಿದ ತಕ್ಷಣ ತಟ್ಟಿದಿರಾ?

ಕೋಲಾರದ ಸೊಸೆ

ಹೌದು, ಮೂರು ಗಂಟೆ ಮಾತ್ರ ಬಿಟ್ಟಿದ್ದೆ.

ಟೇಕಲ್ ಡೈರಿ

ಮೂರು ಗಂಟೆ ಸಾಲದು.